ಕೊಂಡ ಅನ್ನವೂ ಉಣ್ಣದ ಅನ್ನವೂ

ಹಣ ತೆತ್ತು ಕೊಂಡ ವಸ್ತುವು ಕೊಂಡವನಿಗೆ ಸೇರಿದುದೆಂಬುದು ಲೋಕವ್ಯವಹಾರದ ನ್ಯಾಯ. ಬಟ್ಟೆಯನ್ನು ಕೊಂಡವನು ಅದನ್ನು ಉಡಬಹುದು, ಪೆಟ್ಟಿಗೆಯಲ್ಲಿಡಬಹುದು, ಬೇಡವಾದರೆ ಹರಿದೂ ಎಸೆಯಬಹುದು; ಕೇಳುವವರಿಲ್ಲ. ಆದರೆ ಅನ್ನಕ್ಕೂ ಇದೇ ನ್ಯಾಯವು ಸಲ್ಲುವುದೇ? ಬೆಲೆ ಕೊಟ್ಟ ಮಾತ್ರಕ್ಕೆ ಅನ್ನವನ್ನು ಬಿಡುವ, ಚೆಲ್ಲುವ, ಹಸಿವಿಲ್ಲದಿದ್ದರೂ ಉಣ್ಣುವ ಅಧಿಕಾರವು ಕೊಂಡವನಿಗೆ ಬರುವುದೇ? ಅಂತೆಯೇ, ಬೆಲೆ ಹೆಚ್ಚಾಯಿತೆಂದು ಉಣ್ಣದೆ ಇರುವ ಅಧಿಕಾರವಾದರೂ ಅವನಿಗುಂಟೇ? ಈ ಪ್ರಶ್ನೆಗಳು ನಮಗೆ ಹೊಳೆದುದು ಯಾವ ಶಾಸ್ತ್ರಗ್ರಂಥದಿಂದಲೂ ಅಲ್ಲ. ಅಮೇರಿಕೆಯ ಒಂದು ವಿಶ್ವವಿದ್ಯಾನಿಲಯವು ತನ್ನ ವಿದ್ಯಾರ್ಥಿಗಳಿಗೆ ಕಳುಹಿಸಿದ ಊಟದ ದರಪಟ್ಟಿಯಿಂದ.

ನಮಗೆ ಬಹುಕಾಲದಿಂದ ಪರಿಚಿತರಾದ ಸದ್ಗೃಹಸ್ಥರೊಬ್ಬರು ಕಳೆದ ಜ್ಯೇಷ್ಠ ಮಾಸದಲ್ಲಿ ಆ ಪಟ್ಟಿಯನ್ನು ಕೈಯಲ್ಲಿ ಹಿಡಿದು ಬಂದರು. ಅವರ ಮಗಳು ಎರಡು ವರ್ಷಗಳಿಂದ ಆ ದೇಶದಲ್ಲಿ ಓದುತ್ತಿರುವಳು. ಆಕೆಯ ವಿದ್ಯಾಭ್ಯಾಸಕ್ಕಾಗಿ ಅವರು ಬ್ಯಾಂಕಿನಲ್ಲಿ ಸಾಲವೆತ್ತಿ, ಹಿರಿಯರ ಕಾಲದ ತೋಟವನ್ನು ಆಧಾರವಿಟ್ಟಿರುವರು. ರಜೆಗೆ ಬಂದ ಮಗಳು ಗುರುತು ಸಿಕ್ಕದಷ್ಟು ಸೊರಗಿದ್ದಳು. ತಾಯಿಯು ಮೂರು ದಿನ ಬಿಡದೆ ಕೇಳಿದ ಮೇಲೆ, ವರ್ಷವೆಲ್ಲಾ ತಾನು ದಿನಕ್ಕೊಂದೇ ಹೊತ್ತು ಉಂಡುದನ್ನೂ, ಫೋನಿನಲ್ಲಿ ಪ್ರತಿನಿತ್ಯ 'ಊಟವಾಯಿತು' ಎಂದು ಹೇಳಿದುದು ಬಹುಮಟ್ಟಿಗೆ ಸುಳ್ಳೆಂಬುದನ್ನೂ ಒಪ್ಪಿಕೊಂಡಳು. "ಮೊದಲ ವರ್ಷ ನಾನು ಬೇಕಾದುದಕ್ಕಿಂತ ಹೆಚ್ಚು ಅನ್ನವನ್ನು ಕೊಂಡುಕೊಟ್ಟೆ, ಎರಡನೆಯ ವರ್ಷ ಅವಳು ಬೇಕಾದುದಕ್ಕಿಂತ ಕಡಿಮೆ ಕೊಂಡಳು. ಇವೆರಡರಲ್ಲಿ ಯಾವುದು ತಪ್ಪು?" ಎಂಬುದು ಆ ತಂದೆಯ ಪ್ರಶ್ನೆ. ಉತ್ತರವನ್ನು ಅರಸುವ ಮುನ್ನ ಆ ದೇಶದ ಊಟದ ವ್ಯವಸ್ಥೆಯನ್ನು ಕೊಂಚ ತಿಳಿಯುವುದು ಅವಶ್ಯ. ನಮ್ಮ ವಾಚಕರಲ್ಲಿ ಅನೇಕರ ಮಕ್ಕಳು ಮೊಮ್ಮಕ್ಕಳು ಅದೇ ದಾರಿಯಲ್ಲಿರುವುದರಿಂದ ಈ ವಿವರಣೆಯು ಅಪ್ರಸ್ತುತವಾಗಲಾರದು.

ಅಮೇರಿಕೆಯ ಬಹುತೇಕ ವಸತಿ ವಿದ್ಯಾಲಯಗಳಲ್ಲಿ ವಿದ್ಯಾರ್ಥಿಯು ಸತ್ರದ ಆರಂಭದಲ್ಲಿಯೇ ಊಟದ ಹಣವನ್ನು ಇಡಿಯಾಗಿ ಕಟ್ಟತಕ್ಕದ್ದು. ಇದಕ್ಕೆ ಮೀಲ್ ಪ್ಲಾನ್ ಎಂದು ಹೆಸರು. ಹಾಸ್ಟೆಲಿನಲ್ಲಿರುವ ಮೊದಲ ವರ್ಷದವರಿಗೆ ಇದು ಸಾಮಾನ್ಯವಾಗಿ ಕಡ್ಡಾಯ. ಅನಂತರ ಹೊರಗೆ ಬಾಡಿಗೆಯ ಮನೆಯಲ್ಲಿದ್ದು ಅಡಿಗೆ ಮಾಡಿಕೊಳ್ಳುವವರಿಗೆ ಐಚ್ಛಿಕ. ಯೋಜನೆಗಳ ಹೆಸರುಗಳು ಊರಿಗೊಂದು ಬಗೆಯಾದರೂ ಮೂಲದಲ್ಲಿ ಅವು ನಾಲ್ಕು ತೆರನಾದುವು. ಮೊದಲನೆಯದು ಮಿತಿಯಿಲ್ಲದ ಯೋಜನೆ: ಕಾರ್ಡನ್ನು ಬಾಗಿಲಲ್ಲಿ ತೋರಿಸಿ ದಿನಕ್ಕೆ ಎಷ್ಟು ಸಲವಾದರೂ ಊಟದ ಮನೆಗೆ ಹೋಗಬಹುದು. ಎರಡನೆಯದು ವಾರದ ಲೆಕ್ಕದ್ದು. ವಾರಕ್ಕೆ 10, 14 ಅಥವಾ 19 ಊಟಗಳೆಂದು ಗೊತ್ತುಮಾಡಿ, ಉಣ್ಣದೆ ಉಳಿದುವನ್ನು ವಾರಾಂತ್ಯಕ್ಕೆ ಅಳಿಸಿಹಾಕುತ್ತಾರೆ. ಮೂರನೆಯದು ಸತ್ರದ ಲೆಕ್ಕದ್ದು. 50, 80, 120 ಎಂದು ಊಟಗಳ ಕಟ್ಟೊಂದನ್ನು ಕೊಂಡು ಬೇಕಾದಾಗ ಉಣ್ಣಬಹುದು, ಸತ್ರ ಮುಗಿದೊಡನೆ ಮಿಕ್ಕುದು ಮಣ್ಣುಪಾಲು. ನಾಲ್ಕನೆಯದರಲ್ಲಿ ಊಟದ ಎಣಿಕೆಯೇ ಇಲ್ಲ. ಕಾರ್ಡಿನಲ್ಲಿ ಇಷ್ಟು ಡಾಲರೆಂದು ತುಂಬಿ, ಅಂಗಡಿಯಲ್ಲಿ ಖರ್ಚುಮಾಡಿದಂತೆಲ್ಲಾ ಅದು ಇಳಿಯುತ್ತ ಹೋಗುವುದು. ಅನೇಕ ಕಡೆ ಎರಡು ಬಗೆಗಳನ್ನು ಸೇರಿಸಿ ಮಾರುವುದೂ ಉಂಟು.

ಇಲ್ಲಿ ಗೃಹಸ್ಥರು ಮೋಸಹೋಗುವುದು ಲೆಕ್ಕದಲ್ಲಿ. ಎಣಿಕೆಯ ಸೌಕರ್ಯಕ್ಕಾಗಿ ಒಂದು ಉದಾಹರಣೆಯನ್ನು ಕಲ್ಪಿಸೋಣ. ಸತ್ರಕ್ಕೆ 15 ವಾರ. ವಾರಕ್ಕೆ 14 ಊಟದ ಯೋಜನೆಗೆ 2,100 ಡಾಲರು ಎಂದಿಟ್ಟುಕೊಂಡರೆ ಒಟ್ಟು 210 ಊಟ, ಊಟಕ್ಕೆ 10 ಡಾಲರು. ಆದರೆ ಹುಡುಗಿಯು ಬೆಳಗಿನ ಪಾಠಕ್ಕೆ ಓಡುವಳು, ಭಾನುವಾರ ತಡವಾಗಿ ಏಳುವಳು, ಗೆಳತಿಯರೊಡನೆ ಕೋಣೆಯಲ್ಲಿ ಅವಲಕ್ಕಿ ಕಲಸಿ ತಿನ್ನುವಳು. ನಿಜಕ್ಕೂ ಉಂಡುದು ವಾರಕ್ಕೆ 10 ಊಟ. ಆಗ ಒಟ್ಟು 150 ಊಟ. ಒಂದೊಂದಕ್ಕೂ ತಂದೆ ಕೊಟ್ಟುದು 14 ಡಾಲರು. ಪಟ್ಟಿಯಲ್ಲಿ ಅಗ್ಗವಾಗಿ ಕಂಡುದು ಎಲೆಯಲ್ಲಿ ದುಬಾರಿಯಾಯಿತು. ಆದುದರಿಂದ ಯೋಜನೆಯನ್ನು ಆರಿಸುವಾಗ 'ಎಷ್ಟು ಊಟ ಕೊಡುತ್ತಾರೆ' ಎಂದು ಕೇಳಬಾರದು, 'ಎಷ್ಟು ಊಟ ಉಣ್ಣುವೆ' ಎಂದು ಮಗುವನ್ನು ಕೇಳಬೇಕು. ಬಹಳ ಕಡೆ ಸತ್ರದ ಮೊದಲ ಕೆಲವು ದಿನಗಳಲ್ಲಿ ಯೋಜನೆಯನ್ನು ಬದಲಿಸಲು ಅವಕಾಶವಿರುತ್ತದೆ. ಆ ಗಡುವು ಮೀರಿದರೆ ಹಿಂತಿರುಗುವಂತಿಲ್ಲ. ನವೆಂಬರಿನ ಹಬ್ಬದ ರಜೆಯಲ್ಲಿಯೂ ಚಳಿಗಾಲದ ರಜೆಯಲ್ಲಿಯೂ ಅನೇಕ ಊಟದ ಮನೆಗಳು ಮುಚ್ಚುತ್ತವೆ; ಊರಿಗೆ ಬರಲಾರದ ನಮ್ಮ ಮಕ್ಕಳಿಗೆ ತೊಂದರೆಯಾಗುವುದು ಆಗಲೇ.

ಉಣ್ಣದೆ ಉಳಿದ ಊಟಗಳೆಲ್ಲಾ ಏನಾದುವು ಎಂದು ಆ ತಂದೆಯು ಕೇಳಿದರು. ಅಡಿಗೆಯಾಗಿ ಕೊಳೆತು ಹೋದುವೆಂದು ಅವರು ತಿಳಿದಿದ್ದರು. ವಾಸ್ತವ ಹಾಗಲ್ಲ. ಊಟದ ಮನೆಯನ್ನು ನಡೆಸುವವರು, ಅವರು ವಿಶ್ವವಿದ್ಯಾನಿಲಯದವರೇ ಆಗಲಿ ಗುತ್ತಿಗೆ ಹಿಡಿದ ಕಂಪೆನಿಯವರೇ ಆಗಲಿ, ನೂರು ಊಟ ಮಾರಿದರೆ ನೂರೂ ಉಣ್ಣಲ್ಪಡುವುದಿಲ್ಲವೆಂಬುದನ್ನು ಅನುಭವದಿಂದ ಬಲ್ಲರು. ಎಷ್ಟು ಊಟಗಳು ತಪ್ಪುವುವೆಂದು ಅಂದಾಜು ಮಾಡಿಯೇ ಅಕ್ಕಿಬೇಳೆ ತರಿಸುತ್ತಾರೆ, ಅದನ್ನು ಲೆಕ್ಕಕ್ಕೆ ಹಿಡಿದೇ ದರವನ್ನೂ ಕಟ್ಟುತ್ತಾರೆ. ಎಂದರೆ, ಆ ಹುಡುಗಿ ಬಾರದಿದ್ದ ದಿನ ಅವಳ ಪಾಲಿನ ಅಡಿಗೆ ಆಗಲೇ ಇಲ್ಲ. ಅವಳ ತಂದೆಯ ಹಣವು ಉಳಿದವರ ಊಟದ ಬೆಲೆಯಲ್ಲಿ ಸದ್ದಿಲ್ಲದೆ ಸೇರಿಹೋಯಿತು. ಇದರಿಂದ ಒಂದು ವಿವೇಕವು ಹುಟ್ಟುವುದು. ಕಾರ್ಡಿನಲ್ಲಿ ಅಳಿಸಿಹೋದ ಊಟವು ಅನ್ನದ ನಷ್ಟವಲ್ಲ, ಹಣದ ನಷ್ಟ. ತಟ್ಟೆಗೆ ಬಡಿಸಿಕೊಂಡು ಬಿಟ್ಟುದೇ ಅನ್ನದ ನಷ್ಟ. ಹಸಿವಿಲ್ಲದೆ ಉಂಡುದು ಅನ್ನದ ನಷ್ಟವೂ ಹೌದು, ಮೈಯ ನಷ್ಟವೂ ಹೌದು. ಲೋಕವು ಮೊದಲನೆಯದಕ್ಕೆ ಮರುಗುತ್ತದೆ, ಉಳಿದೆರಡನ್ನು ಜಾಣತನವೆನ್ನುತ್ತದೆ.

ಆ ಹುಡುಗಿಯೇ ಹೇಳಿದ ಮಾತು ಇದು. ಮೊದಲ ವರ್ಷ ಶನಿವಾರ ರಾತ್ರಿ ಕಾರ್ಡಿನಲ್ಲಿ ಮೂರು ನಾಲ್ಕು ಊಟಗಳು ಉಳಿದಿದ್ದರೆ ಅವಳಿಗೆ ನಿದ್ರೆ ಬರುತ್ತಿರಲಿಲ್ಲವಂತೆ. ತಂದೆಯ ತೋಟದ ತೆಂಗಿನಮರಗಳು ಕಣ್ಣಮುಂದೆ ಬರುತ್ತಿದ್ದುವಂತೆ. ಒಂದು ಊಟವಾದ ಎರಡು ಗಂಟೆಯೊಳಗೆ ಮತ್ತೊಮ್ಮೆ ಹೋಗಿ, ಹಸಿವಿಲ್ಲದಿದ್ದರೂ ಅಷ್ಟಿಷ್ಟು ತಿಂದು, 'ಲೆಕ್ಕ ಸರಿಹೋಯಿತು' ಎಂದು ಹಿಂತಿರುಗುತ್ತಿದ್ದಳಂತೆ. ಇದು ತಂದೆಯ ಮೇಲಣ ಪ್ರೀತಿಯೇ ಹೊರತು ಹೊಟ್ಟೆಬಾಕತನವಲ್ಲ. ಆದರೂ ಹಣವು ಅನ್ನದ ಮೇಲೆ ಕುಳಿತು ಸವಾರಿಮಾಡುವ ರೀತಿಯನ್ನು ನೋಡಿರಿ! ಉಣ್ಣುವವಳ ಹಸಿವು ಎಷ್ಟೆಂದು ಹೇಳಬೇಕಾದುದು ಹೊಟ್ಟೆ. ಇಲ್ಲಿ ಹೇಳುತ್ತಿರುವುದು ಕಾರ್ಡು.

ಇಲ್ಲಿ ಆಯ್ದಕ್ಕಿ ಲಕ್ಕಮ್ಮನವರ ಕಥೆಯು ನೆನಪಿಗೆ ಬಾರದಿರದು. ಶರಣಬಂಧುಗಳು ಬಲ್ಲ ಕಥೆಯೇ ಅದು. ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಆ ದಂಪತಿಗಳಲ್ಲಿ ಮಾರಯ್ಯನವರ ಕಾಯಕವು ಶರಣರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದುತರುವುದು. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದರು. ಲಕ್ಕಮ್ಮನವರು ಸಂತೋಷಪಡಲಿಲ್ಲ, ಇದು ನಮ್ಮ ಅಳತೆಗೆ ಮೀರಿದ್ದು, ಎಲ್ಲಿಂದ ತಂದಿರೋ ಅಲ್ಲಿಗೇ ಸುರಿದು ಬನ್ನಿರೆಂದು ಪತಿಯನ್ನು ಹಿಂದಕ್ಕೆ ಕಳುಹಿಸಿದರು. ಆ ಅಕ್ಕಿಯು ಕದ್ದುದಲ್ಲ, ಬೇಡಿದುದಲ್ಲ, ಬೆವರು ಸುರಿಸಿಯೇ ತಂದುದು. ಹಾಗಿದ್ದರೂ ಅದನ್ನು ಅವರು ತಮ್ಮದೆಂದು ಒಪ್ಪಲಿಲ್ಲ. ಒಂದು ವಸ್ತುವು ನಮ್ಮದಾಗುವುದು ಅದನ್ನು ಪಡೆದ ಮಾರ್ಗದಿಂದ ಮಾತ್ರವಲ್ಲ, ಅದರ ಅಗತ್ಯದಿಂದಲೂ ಎಂಬುದು ಆ ತಾಯಿಯ ನಿಲವು. ಈ ದೃಷ್ಟಿಯಿಂದ ನೋಡಿದರೆ ಮಿತಿಯಿಲ್ಲದ ಯೋಜನೆಯೆಂಬುದು ಹೆಸರಿನಲ್ಲಿಯೇ ಶಂಕಾಸ್ಪದವಾದುದು. ಆಟಗಾರರಿಗೂ ದೇಹಶ್ರಮದವರಿಗೂ ಅದು ತಕ್ಕುದಾಗಬಹುದು; ಹೊಸ ಊರಿನಲ್ಲಿ ದಿಕ್ಕುತೋಚದ ಮೊದಲ ಸತ್ರಕ್ಕೂ ಕ್ಷಮ್ಯ. ನಮ್ಮ ತಂದೆಯವರು ಅದನ್ನು ಆರಿಸಿರಲಿಲ್ಲ, ಅದಕ್ಕೆ ಹತ್ತಿರದ 19 ಊಟದ್ದನ್ನು ಆರಿಸಿದ್ದರು. ಕಾರಣವನ್ನು ಕೇಳಿದರೆ, "ಹೆಣ್ಣುಮಗಳು ದೂರದೇಶದಲ್ಲಿ ಹಸಿದಿರಬಾರದು" ಎಂದರು. ಈ ಮಾತಿಗೆ ಎದುರಾಡಲು ನಮಗೆ ಬಾಯಿ ಬರಲಿಲ್ಲ.

ಅವರ ಆತಂಕಕ್ಕೆ ಇನ್ನೊಂದು ಮೂಲವೂ ಉಂಟು. ಅವರು ತಮ್ಮ ಬಾಲ್ಯದಲ್ಲಿ ಮಠವೊಂದರ ಪ್ರಸಾದನಿಲಯದಲ್ಲಿ ಉಂಡು ಓದಿದವರು. ಅಲ್ಲಿ ಗಂಟೆ ಬಾರಿಸಿದರೆ ಪಂಕ್ತಿ. ಪಂಕ್ತಿಯಲ್ಲಿ ಕುಳಿತವನಿಗೆ ಅನ್ನ. ಉಂಡವನೆಷ್ಟು, ಬಿಟ್ಟವನೆಷ್ಟು ಎಂಬ ಹಣದ ಲೆಕ್ಕವಿಲ್ಲ. ಎಲೆಯಲ್ಲಿ ಅಗುಳು ಬಿಟ್ಟರೆ ಮಾತ್ರ ಹಿರಿಯರ ಕಣ್ಣು ಕೆಂಪಾಗುತ್ತಿತ್ತು. ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳು 2019ರ ಜನವರಿ 21ರಂದು ಲಿಂಗೈಕ್ಯರಾದಾಗ, ಮಕ್ಕಳ ಮಧ್ಯಾಹ್ನದ ಊಟವು ಮುಗಿಯುವವರೆಗೆ ಸುದ್ದಿಯನ್ನು ಹೊರಗೆಡಹಬಾರದೆಂಬುದು ಅವರ ಇಚ್ಛೆಯಾಗಿತ್ತೆಂದು ಆಗ ಪತ್ರಿಕೆಗಳಲ್ಲಿ ಬಂದಿತ್ತು. ಅಂತಹ ಪಂಕ್ತಿಯಲ್ಲಿ ಬೆಳೆದವರಿಗೆ, ಊಟವನ್ನು ಸಂಖ್ಯೆಯಾಗಿ ಮಾರಿ ಭಾನುವಾರಕ್ಕೆ ಅಳಿಸುವ ಪದ್ಧತಿಯು ವಿಚಿತ್ರವಾಗಿ ತೋರಿದುದು ಸಹಜ. ಆದರೆ ಪರದೇಶದವರನ್ನು ಹಳಿಯುವ ಮುನ್ನ ನಮ್ಮದನ್ನೂ ನೋಡಿಕೊಳ್ಳಬೇಕು. ಹಿಂದೆ ನಮ್ಮಲ್ಲಿ ಬಡ ವಿದ್ಯಾರ್ಥಿಗಳು ವಾರಾನ್ನದಿಂದ ಓದುತ್ತಿದ್ದರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಯಜಮಾನಿತಿಯ ಮುಖ ಬಾಡಿದ ದಿನ ಅರೆಹೊಟ್ಟೆ. ವಾರದಲ್ಲಿ ಒಂದು ಮನೆ ತಪ್ಪಿದರೆ ಆ ದಿನ ನೀರೇ ಗತಿ. ಹಣ ಕೊಟ್ಟು ಉಣ್ಣುವವನಿಗೆ ಆ ದೈನ್ಯವಿಲ್ಲವೆಂಬುದನ್ನು ಒಪ್ಪಲೇಬೇಕು. ನಮ್ಮ ಇಂದಿನ ಕೆಲವು ಹಾಸ್ಟೆಲುಗಳಲ್ಲಿ ತಿಂಗಳ ಖರ್ಚನ್ನು ಉಂಡವರ ಹಾಜರಿಯ ಮೇಲೆ ಹಂಚುವ ಪದ್ಧತಿಯಿದೆ; ಊರಿಗೆ ಹೋಗುವವನು ಮುಂಚಿತವಾಗಿ ಬರೆದುಕೊಟ್ಟರೆ ಆ ದಿನಗಳ ಹಣವು ಉಳಿಯುವುದು. ಇದು ಎಲ್ಲಕ್ಕಿಂತ ನ್ಯಾಯವಾದುದೆಂದು ನಮ್ಮ ಅಭಿಪ್ರಾಯ, ರುಚಿಯ ವಿಷಯದಲ್ಲಿ ನಾವು ಏನನ್ನೂ ಹೇಳಲಾರೆವಾದರೂ. ಹಾರ್ವರ್ಡ್ ಕಾಲೇಜಿನ ವಿದ್ಯಾರ್ಥಿಗಳು 1766ರಲ್ಲಿಯೇ ಕೆಟ್ಟ ಬೆಣ್ಣೆಯನ್ನು ಬಡಿಸಿದರೆಂದು ದಂಗೆಯೆದ್ದಿದ್ದರು. ಹಾಸ್ಟೆಲಿನ ಊಟದ ಮೇಲಣ ದೂರು ಎಲ್ಲಾ ದೇಶಕ್ಕೂ ಸಮಾನ.

ಇನ್ನು ಎರಡನೆಯ ವರ್ಷದ ಮಾತು. ಹಾಸ್ಟೆಲನ್ನು ಬಿಟ್ಟು ನಾಲ್ವರು ಗೆಳತಿಯರೊಡನೆ ಬಾಡಿಗೆಯ ಮನೆಗೆ ಹೋದ ಆ ಹುಡುಗಿಗೆ ಯೋಜನೆಯು ಕಡ್ಡಾಯವಾಗಿರಲಿಲ್ಲ. ಅವಳು ಸತ್ರಕ್ಕೆ 50 ಊಟದ ಚಿಕ್ಕ ಕಟ್ಟನ್ನು ಕೊಂಡಳು. 15 ವಾರಕ್ಕೆ ಹಂಚಿದರೆ ವಾರಕ್ಕೆ ಮೂರಕ್ಕಿಂತ ಕೊಂಚ ಹೆಚ್ಚು ಊಟ. ಉಳಿದುದನ್ನು ಮನೆಯಲ್ಲಿ ಬೇಯಿಸಿಕೊಳ್ಳುವೆನೆಂದು ತಂದೆಗೆ ಹೇಳಿದಳು. ಬೇಯಿಸುವುದು ಮೊದಲ ತಿಂಗಳು ನಡೆಯಿತು. ಪರೀಕ್ಷೆಗಳು ಬಂದುವು, ಚಳಿ ಬಂದಿತು, ದಿನಸಿಯ ಅಂಗಡಿಯು ದೂರವಾಯಿತು. ಬ್ರೆಡ್ಡು, ಬಾಳೆಯಹಣ್ಣು, ಚಹಾ ಇಷ್ಟರಲ್ಲಿ ದಿನಗಳು ಕಳೆದುವು. ಉಳಿಸಿದ ಹಣವನ್ನು ಅವಳು ತನ್ನ ಸುಖಕ್ಕೆ ವೆಚ್ಚಮಾಡಲಿಲ್ಲ. ಪುಸ್ತಕಗಳಿಗೂ ಬಾಡಿಗೆಗೂ ಹಾಕಿದಳು. ಸಾಲದ ಬಡ್ಡಿಯು ಎಷ್ಟೆಂಬುದು ಅವಳಿಗೆ ಬಾಯಿಪಾಠವಾಗಿತ್ತು.

ವಿದ್ಯಾರ್ಥಿ ವೀಸಾದವರಿಗೆ ಆ ದೇಶದಲ್ಲಿ ಪಾಠ ನಡೆಯುವ ಕಾಲದಲ್ಲಿ ವಿದ್ಯಾಲಯದ ಆವರಣದೊಳಗೆ ವಾರಕ್ಕೆ 20 ಗಂಟೆಗಳಿಗೆ ಮೀರದಂತೆ ದುಡಿಯಲು ಅನುಮತಿಯಿದೆ. ಈ ಹುಡುಗಿಗೆ ದೊರೆತುದು ಊಟದ ಮನೆಯಲ್ಲಿಯೇ. ತಟ್ಟೆಗಳು ಹಿಂದಕ್ಕೆ ಬರುವ ಚಲಿಸುವ ಪಟ್ಟಿಯ ಬಳಿ ನಿಂತು, ಎಂಜಲನ್ನು ತೊಟ್ಟಿಗೆ ಸುರಿದು, ತಟ್ಟೆಗಳನ್ನು ಯಂತ್ರಕ್ಕೆ ಜೋಡಿಸುವ ಕೆಲಸ. ಇದನ್ನು ಕೇಳಿ ಅವಳ ತಾಯಿಯು ಅತ್ತರು. ನಾವು ಅಳುವುದಿಲ್ಲ, ಕಾಯಕದಲ್ಲಿ ಮೇಲು ಕೀಳನ್ನು ಎಣಿಸದ ಶರಣರ ಹೆಸರನ್ನು ಹೇಳಿಕೊಳ್ಳುವವರು ಮಗಳು ತಟ್ಟೆ ತೊಳೆದಳೆಂದು ನಾಚುವುದು ತಕ್ಕುದಲ್ಲ. ನಮ್ಮ ಮನಸ್ಸನ್ನು ಕಲಕಿದುದು ಬೇರೆ. ಒಂದು ತುತ್ತನ್ನೂ ಮುಟ್ಟದ ಅನ್ನದ ಬಟ್ಟಲುಗಳು, ಒಂದೇ ಕಚ್ಚಿದ ಹಣ್ಣುಗಳು, ರುಚಿ ನೋಡಲೆಂದು ನಾಲ್ಕು ಬಗೆ ಬಡಿಸಿಕೊಂಡು ನಾಲ್ಕನ್ನೂ ಬಿಟ್ಟ ತಟ್ಟೆಗಳು ಅವಳ ಮುಂದೆ ಸಾಲಾಗಿ ಬರುತ್ತಿದ್ದುವು. ಅವಳ ಹೊಟ್ಟೆಯಲ್ಲಿ ಬೆಳಗಿನ ಚಹಾ ಮಾತ್ರ. ಚಿಕ್ಕ ಪಾಳಿಯವರಿಗೆ ಅಲ್ಲಿ ಊಟ ಕೊಡುವ ನಿಯಮವಿರಲಿಲ್ಲ. ಹಸಿದ ಕೈಗಳೇ ಅನ್ನವನ್ನು ಕಸಕ್ಕೆ ಸುರಿದುವು. "ಮೊದಲ ವರ್ಷ ನಾನೂ ಹೀಗೆಯೇ ಬಿಟ್ಟಿದ್ದೆನಲ್ಲಾ ಎಂದು ಅನಿಸುತ್ತಿತ್ತು" ಎಂದು ಮಾತ್ರ ಅವಳು ಹೇಳಿದಳು, ಯಾರನ್ನೂ ದೂರಲಿಲ್ಲ.

ಅಷ್ಟು ಸಮೃದ್ಧಿಯ ದೇಶದಲ್ಲಿ ವಿದ್ಯಾರ್ಥಿಗೆ ಹಸಿವೇ ಎಂದು ವಾಚಕರು ಸಂಶಯಪಡಬಹುದು. ಅಮೇರಿಕಾ ಸರ್ಕಾರದ ಲೆಕ್ಕಪರಿಶೋಧನಾ ಕಚೇರಿಯು 2018ರ ಡಿಸೆಂಬರಿನಲ್ಲಿ ಪ್ರಕಟಿಸಿದ ವರದಿಯು 31 ಅಧ್ಯಯನಗಳನ್ನು ಪರಿಶೀಲಿಸಿತು. ಅವುಗಳಲ್ಲಿ 22 ಅಧ್ಯಯನಗಳ ಅಂದಾಜಿನಂತೆ ಶೇಕಡಾ 30ಕ್ಕೂ ಮಿಕ್ಕ ವಿದ್ಯಾರ್ಥಿಗಳಿಗೆ ಊಟದ ಭದ್ರತೆಯಿರಲಿಲ್ಲ. ಬಡವರಿಗೆ ಅಲ್ಲಿಯ ಸರ್ಕಾರವು ಕೊಡುವ ಆಹಾರದ ನೆರವು ವಿದ್ಯಾರ್ಥಿ ವೀಸಾದ ಮೇಲೆ ಹೋದ ನಮ್ಮ ಮಕ್ಕಳಿಗೆ ಸಲ್ಲದು. ಆದರೆ ಅನೇಕ ವಿದ್ಯಾಲಯಗಳಲ್ಲಿ ವಿದ್ಯಾರ್ಥಿಗಳಿಗಾಗಿಯೇ ಧಾನ್ಯದ ಭಂಡಾರಗಳುಂಟು. ಮಿಷಿಗನ್ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ 1993ರಲ್ಲಿಯೇ ವಿದ್ಯಾರ್ಥಿಗಳೇ ನಡೆಸುವ ಅಂತಹ ಭಂಡಾರವು ಆರಂಭವಾಯಿತು. ಸಾಮಾನ್ಯವಾಗಿ ಇವು ಗುರುತಿನ ಚೀಟಿಯನ್ನಲ್ಲದೆ ಹೆಚ್ಚಿನದನ್ನು ಕೇಳುವುದಿಲ್ಲ. ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಕೆಲವು ವಿದ್ಯಾರ್ಥಿಗಳು 2010ರಲ್ಲಿ, ಕಾರ್ಡುಗಳಲ್ಲಿ ಉಳಿದು ಅಳಿಸಿಹೋಗುವ ಊಟಗಳನ್ನು ಹಸಿದವರಿಗೆ ಮುಟ್ಟಿಸುವ ಕೆಲಸವನ್ನು ಕೈಗೊಂಡರು. ಅದೇ ಬೆಳೆದು ಸ್ವೈಪ್ ಔಟ್ ಹಂಗರ್ ಎಂಬ ಸಂಸ್ಥೆಯಾಗಿದೆ. ಮೇರಿಲ್ಯಾಂಡಿನಲ್ಲಿ 2011ರಲ್ಲಿ ಹುಟ್ಟಿದ ಫುಡ್ ರಿಕವರಿ ನೆಟ್‌ವರ್ಕ್ ಎಂಬ ವಿದ್ಯಾರ್ಥಿಗಳ ಸಂಘವು, ಬಡಿಸದೆ ಮಿಕ್ಕ ಅಡಿಗೆಯನ್ನು ನಿರ್ಗತಿಕರ ಬಳಿಗೆ ಒಯ್ಯುವುದು. ಹೀಗೆ ಸದುದ್ದೇಶದಿಂದ ಅನ್ನವನ್ನು ಕೊಟ್ಟವರಿಗೆ ಕಾನೂನಿನ ರಕ್ಷಣೆಯನ್ನು ಕೊಡುವ ಶಾಸನವನ್ನೂ ಆ ದೇಶವು 1996ರಲ್ಲಿ ಮಾಡಿದೆ. ಕೈಯಲ್ಲಿ ಹಿಡಿಯುವ ದೊಡ್ಡ ಹರಿವಾಣಗಳನ್ನು ತೆಗೆದುಹಾಕಿದರೆ ಜನರು ಕಡಿಮೆ ಬಡಿಸಿಕೊಳ್ಳುವರೆಂಬುದನ್ನು ಕಂಡುಕೊಂಡು, 2008ರ ಆಸುಪಾಸಿನಿಂದ ಅನೇಕ ಊಟದ ಮನೆಗಳು ಹಾಗೆಯೇ ಮಾಡಿದುವು. ದಾಸೋಹವೆಂಬ ಹೆಸರನ್ನು ಅರಿಯದವರೂ ಅದರ ದಾರಿಯಲ್ಲಿ ಕೆಲವು ಹೆಜ್ಜೆಗಳನ್ನಿಡಬಲ್ಲರು.

ಈ ಹುಡುಗಿಯು ಭಂಡಾರದ ಬಾಗಿಲವರೆಗೆ ಎರಡು ಸಲ ಹೋಗಿ ಹಿಂತಿರುಗಿದ್ದಳು. 'ನನಗಿಂತ ಬಡವರ ಪಾಲನ್ನು ನಾನು ತೆಗೆದುಕೊಳ್ಳುವುದೇ' ಎಂಬುದೊಂದು ಕಾರಣ. 'ಕೊಡುವ ಮನೆತನದವಳು ಕೈಯೊಡ್ಡುವುದೇ' ಎಂಬುದು ಹೇಳದ ಕಾರಣ. ಮೊದಲನೆಯದನ್ನು ನಾವು ಗೌರವಿಸುವೆವು, ಎರಡನೆಯದನ್ನು ಗೌರವಿಸಲಾರೆವು. ಮಹಾಮನೆಯ ಪಂಕ್ತಿಯಲ್ಲಿ ಬಡಿಸುವವರೂ ಉಣ್ಣುವವರೂ ಬೇರೆ ಬೇರೆ ಜಾತಿಯ ಮನುಷ್ಯರಾಗಿರಲಿಲ್ಲ. ಇಂದು ಉಂಡವನು ನಾಳೆ ಬಡಿಸುವನು. ಕೊಡುವುದನ್ನು ಮಾತ್ರ ಕಲಿತು, ಪಡೆಯುವುದನ್ನು ಕಲಿಯದ ಮನಸ್ಸಿನಲ್ಲಿ ದಾಸೋಹವಿಲ್ಲ, ದೊಡ್ಡಸ್ತಿಕೆಯಿದೆ.

ಅವಳು ಒಂದು ಸಂದೇಹವನ್ನು ಕೇಳಿದಳು. ಮೊದಲ ವರ್ಷ ಅವಳ ಕಾರ್ಡಿನಲ್ಲಿ ಊಟಗಳು ಮಿಗುತ್ತಿದ್ದಾಗ, ಹಸಿದ ಗೆಳತಿಯೊಬ್ಬಳು ಆ ಕಾರ್ಡನ್ನು ಒಂದು ಹೊತ್ತಿಗೆ ಬೇಡಿದ್ದಳು. ಕಾರ್ಡು ಪರರಿಗೆ ಕೊಡತಕ್ಕದ್ದಲ್ಲವೆಂದು ನಿಯಮ. ಅವಳು ಕೊಟ್ಟಳು, ಅಂದಿನಿಂದ ಅವಳಿಗೆ ಅದು ಪುಣ್ಯವೋ ತಪ್ಪೋ ತಿಳಿಯದು. ಸುಲಭವಾದ ಪ್ರಶ್ನೆಯಲ್ಲ ಇದು. ಹಣ ನಾನು ಕೊಟ್ಟಿರುವಾಗ ನನ್ನ ಪಾಲನ್ನು ನನಗಿಷ್ಟ ಬಂದವರಿಗೆ ಕೊಡಬಾರದೇಕೆ ಎನ್ನಬಹುದು. ಆದರೆ ಮೇಲೆ ಹೇಳಿದಂತೆ, ಕೆಲವು ಊಟಗಳು ತಪ್ಪುವುವೆಂಬ ನಂಬಿಕೆಯ ಮೇಲೆಯೇ ಆ ಬೆಲೆಯನ್ನು ಕಟ್ಟಿರುವರು. ತಪ್ಪಿದ ಊಟವನ್ನು ಬೇರೊಬ್ಬರಿಗೆ ಕೊಡುವಾಗ ನಾವು ಕೊಡುತ್ತಿರುವುದು ಪೂರ್ತಿಯಾಗಿ ನಮ್ಮದನ್ನಲ್ಲ. ಪರರ ವಸ್ತುವಿನಿಂದ ಮಾಡಿದ ದಾಸೋಹವು ದಾಸೋಹವಾಗದು. ಅನೇಕ ಯೋಜನೆಗಳಲ್ಲಿ ಅತಿಥಿಗಳಿಗೆಂದೇ ಕೆಲವು ಊಟಗಳಿರುತ್ತವೆ. ಅವನ್ನು ಬಳಸಿ ಗೆಳತಿಯನ್ನು ಜೊತೆಯಲ್ಲಿ ಕರೆದೊಯ್ದು ಎದುರಿಗೆ ಕುಳಿತು ಉಣ್ಣುವುದು ಮೇಲು. ಊಟಗಳನ್ನು ದಾನಕ್ಕೆ ಬರೆದುಕೊಡುವ ಏರ್ಪಾಡಿದ್ದಲ್ಲಿ ಅದೂ ಮೇಲು. ಇದು ನಮ್ಮ ನಿರ್ಣಯ. ಹೀಗೆ ಹೇಳಿದ ಮೇಲೂ, ಬಾಗಿಲಲ್ಲಿ ಹಸಿದು ನಿಂತವಳಿಗೆ ನಿಯಮವನ್ನು ಓದಿಹೇಳಿ ಕಾರ್ಡನ್ನು ಜೇಬಿಗೆ ಸೇರಿಸುವ ಹುಡುಗಿಗಿಂತ, ತಪ್ಪುಮಾಡಿ ಅನ್ನ ಕೊಟ್ಟ ಈ ಹುಡುಗಿಯೇ ನಮಗೆ ಹತ್ತಿರದವಳೆನಿಸಿದಳೆಂಬುದನ್ನು ಮುಚ್ಚಿಡಲಾರೆವು.

ತಂದೆಯ ಪ್ರಶ್ನೆಗೆ ಬರೋಣ. ಅವರ ಹೆಚ್ಚಳವೂ ಅವಳ ಕೊರತೆಯೂ ಮೇಲ್ನೋಟಕ್ಕೆ ಎದುರುಬದುರಾದುವು, ಒಳಗೆ ಒಂದೇ. ಎರಡರಲ್ಲಿಯೂ ಹಸಿವನ್ನು ಅಳೆದುದು ಹಸಿವಲ್ಲ. ಒಂದರಲ್ಲಿ ತಂದೆಯ ಭಯ, ಇನ್ನೊಂದರಲ್ಲಿ ಮಗಳ ಋಣಭಾರ. ಲಕ್ಕಮ್ಮನವರು ಹೆಚ್ಚಿನ ಅಕ್ಕಿಯನ್ನು ಹಿಂತಿರುಗಿಸಿದರೆಂಬುದನ್ನು ನಾವೆಲ್ಲಾ ಹೇಳುತ್ತೇವೆ; ಎಂದಿನ ಅಳತೆಯ ಅಕ್ಕಿಯನ್ನು ಅವರು ಎಂದೂ ಬೇಡವೆನ್ನಲಿಲ್ಲವೆಂಬುದನ್ನು ಮರೆಯುತ್ತೇವೆ. ಆ ಅಕ್ಕಿಯಿಂದಲೇ ಅವರು ಬೇಯಿಸಿದರು, ಬಂದವರಿಗೆ ಬಡಿಸಿದರು, ತಾವೂ ಉಂಡರು. ಕಾಯವನ್ನು ಲಿಂಗದ ನೆಲೆಯೆಂದು ಭಾವಿಸಿದವರಿಗೆ ಅದನ್ನು ಒಣಗಿಸುವ ಸ್ವಾತಂತ್ರ್ಯವಿಲ್ಲ. ತಂದೆಗಾಗಿ ಹಸಿದಿರುವುದು ತ್ಯಾಗವೆಂದು ಆ ಹುಡುಗಿಯು ತಿಳಿದಿದ್ದಳು. ಆದರೆ ಆ ತಂದೆಯು ಸಾಲವೆತ್ತಿದುದು ಯಾವ ದೇಹವು ಓದಿ ಬರಲೆಂದೋ ಆ ದೇಹವನ್ನೇ ಅವಳು ಅಡವಿಟ್ಟಳು. ಇನ್ನು ಆ ನಿತ್ಯದ ಸುಳ್ಳು. ನಮ್ಮ ನಾಡಿನಲ್ಲಿ 'ಊಟವಾಯಿತೇ' ಎಂಬುದು ಕ್ಷೇಮಸಮಾಚಾರದ ಮೊದಲ ಮಾತು. ಅದಕ್ಕೆ 'ಆಯಿತು' ಎಂಬ ಉತ್ತರವು ಎಷ್ಟು ರೂಢಿಯಾಗಿದೆಯೆಂದರೆ ಹೇಳುವವರೂ ಕೇಳುವವರೂ ಅದರ ಅರ್ಥವನ್ನು ಗಮನಿಸುವುದಿಲ್ಲ. ಎಂಟು ತಿಂಗಳು ಆ ತಂದೆಯು ಪ್ರತಿದಿನ ಕೇಳಿದರು. ಒಂದು ದಿನವೂ ಕೇಳಿಸಿಕೊಳ್ಳಲಿಲ್ಲ. ಇದನ್ನು ನಾವು ಅವರಿಗೆ ಹೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದರು.

ಅನಂತರ ತಂದೆ ಮಗಳು ಇಬ್ಬರೂ ಪಟ್ಟಿಯನ್ನು ನಮ್ಮೆದುರಿಗೇ ಹರಡಿ ಕುಳಿತರು. ಅವಳು ಹಿಂದಿನ ಸತ್ರದ ಒಂದೊಂದು ವಾರವನ್ನೂ ನೆನೆದು, ಯಾವ ದಿನ ಎಲ್ಲಿರುವೆನು, ಯಾವಾಗ ಹಸಿವಾಗುವುದು, ಯಾವ ಹೊತ್ತು ನಿಜವಾಗಿ ಬೇಯಿಸಿಕೊಳ್ಳಬಲ್ಲೆನು ಎಂದು ಬರೆದಳು. ಪಾಠವಿರುವ ದಿನಗಳ ಮಧ್ಯಾಹ್ನದ ಊಟವು ವಿದ್ಯಾಲಯದಲ್ಲಿ, ರಾತ್ರಿಯದು ಮನೆಯಲ್ಲಿ ಎಂದು ಗೊತ್ತಾಯಿತು. ವಾರಕ್ಕೆ ಐದರಂತೆ 75 ಊಟ. ಪಟ್ಟಿಯಲ್ಲಿದ್ದ 80ರ ಕಟ್ಟು ಸಾಕೆಂದು ತೀರ್ಮಾನಿಸಿದರು. ಮಿಕ್ಕ ಐದು ಅತಿಥಿಗಳಿಗೆ. ರಾತ್ರಿಯ ಅಡಿಗೆಯನ್ನು ನಾಲ್ವರು ಗೆಳತಿಯರು ಸರದಿಯಲ್ಲಿ ಮಾಡುವುದೆಂದು ಅವಳು ಫೋನಿನಲ್ಲಿಯೇ ಮಾತಾಡಿ ಗೊತ್ತುಮಾಡಿದಳು. ತಟ್ಟೆಯ ಕಾಯಕವನ್ನು ಬಿಡುವುದಿಲ್ಲವೆಂದಳು. ಆದರೆ ಊಟ ದೊರೆಯುವಷ್ಟು ದೀರ್ಘವಾದ ಪಾಳಿಯನ್ನು ಕೇಳಿಕೊಳ್ಳುವೆನೆಂದಳು.

ಶಾಕಾಹಾರದ ವಿಷಯವಾಗಿ ತಾಯಿಗೆ ಭಯವಿತ್ತು. ಅದಕ್ಕೆ ಅವಳೇ ಅನುಭವದಿಂದ ಉತ್ತರ ಹೇಳಿದಳು. ಈಗ ಬಹುತೇಕ ಊಟದ ಮನೆಗಳಲ್ಲಿ ಶಾಕಾಹಾರಕ್ಕೆ ಗುರುತುಚೀಟಿಯಿರುವುದು; ಆದರೂ ತರಕಾರಿಯ ಸಾರಿಗೆ ಮಾಂಸದ ಕಟ್ಟನ್ನು ಬಳಸುವುದು, ಹುರುಳಿಯ ಪಲ್ಯಕ್ಕೆ ಹಂದಿಯ ಕೊಬ್ಬನ್ನು ಹಾಕುವುದು, ಮಿಠಾಯಿಗಳಲ್ಲಿ ಮೂಳೆ ಚರ್ಮಗಳಿಂದ ತೆಗೆದ ಜೆಲಾಟಿನ್ ಇರುವುದು ಉಂಟು. ನಾಚದೆ ಅಡಿಗೆಯವರನ್ನೇ ಕೇಳಬೇಕು. ಪಥ್ಯದ ತಜ್ಞರನ್ನು ಕಂಡು ಹೇಳಬೇಕು. ಉಣ್ಣತಕ್ಕ ಪದಾರ್ಥವು ನಿಜಕ್ಕೂ ದೊರೆಯದಿದ್ದರೆ, ಧರ್ಮದ ಅಥವಾ ಆರೋಗ್ಯದ ಕಾರಣವನ್ನು ಬರೆದು ಕಡ್ಡಾಯದ ಯೋಜನೆಯಿಂದ ಬಿಡುಗಡೆಯನ್ನು ಕೇಳುವ ಅವಕಾಶವು ಅನೇಕ ಕಡೆ ಇದೆ. ಲಿಂಗಾರ್ಪಣವನ್ನು ಹೇಗೆ ಮಾಡುವೆ ಎಂದು ಅಜ್ಜಿಯು ಕೇಳಿದುದಕ್ಕೆ, "ಕಿಟಕಿಯ ಪಕ್ಕದ ಮೇಜಿನಲ್ಲಿ ಕೂರುವೆ, ಮೊದಲು ಸ್ವಲ್ಪವೇ ಬಡಿಸಿಕೊಳ್ಳುವೆ, ಬೇಕಾದರೆ ಮತ್ತೊಮ್ಮೆ ಏಳುವೆ, ಬಡಿಸಿಕೊಂಡುದನ್ನು ಬಿಡುವುದಿಲ್ಲ" ಎಂದಳು. ಅಜ್ಜಿಗೆ ಕಿಟಕಿಯ ಪಕ್ಕದ ಮೇಜು ಏಕೆಂಬುದು ತಿಳಿಯಲಿಲ್ಲ. ಅಲ್ಲಿ ಗದ್ದಲ ಕಡಿಮೆಯಂತೆ.

ಆಕೆಯು ಹಿಂತಿರುಗಿ ಹೋಗಿ ಈಗ ಕೆಲವು ತಿಂಗಳಾದುವು. ತಂದೆಯವರು ಮೊನ್ನೆ ಸಿಕ್ಕಿದ್ದರು. ಫೋನಿನಲ್ಲಿ 'ಊಟವಾಯಿತೇ' ಎಂದು ಕೇಳುವುದನ್ನು ಬಿಟ್ಟಿರುವರಂತೆ. 'ಇಂದು ಏನು ಉಂಡೆ?' ಎಂದು ಕೇಳುತ್ತಾರೆ. ಅವಳು ಹೇಳುತ್ತಾಳೆ: ಅನ್ನ, ಕಡಲೆಯ ಸಾರು, ಬೇಯಿಸಿದ ಗೆಣಸು, ಮೊಸರು, ಒಂದು ಸೇಬು.

"ಸೇಬನ್ನು ಪೂರ್ತಿ ತಿಂದೆಯಾ?" ಎಂದು ಅವರು ಕೇಳಿದರಂತೆ.

"ಅರ್ಧ ತಿಂದೆ, ಅರ್ಧ ಗೆಳತಿಗೆ ಕೊಟ್ಟೆ" ಎಂದಳಂತೆ.